ಎರಡು ಕಿಟಕಿ, ಒಂದೇ ರೆಪ್ಪೆ

ಫೆಬ್ರವರಿ 3

ಅಕ್ಕಾ,

ಫೋನ್ ಮಾಡಿದ್ರೆ ನೀನು ಎತ್ತಲ್ಲ, ಎತ್ತಿದ್ರೆ ಜಗಳ. ಅದಕ್ಕೇ ಈ ಕಾಗದ. ಲಕೋಟೆ ಹರಿಯುವಾಗ ಹುಷಾರು, ಒಳಗೊಂದು ಪುಟ್ಟ ಪೆನ್‌ಡ್ರೈವ್ ಇದೆ. ನಿನ್ನ ಸಿಟ್ಟಿಗೆ ಅದೂ ಸೇರಿ ಕಸದ ಬುಟ್ಟಿಗೆ ಹೋದೀತು.

ಭಾವನ ಎಡಗಣ್ಣಿನ ರೆಪ್ಪೆಯೂ ನಿಧಾನ ಆಗ್ತಿದೆ ಅಂತ ನರ್ಸಮ್ಮ ಹೇಳಿದ್ರು. ಅವರ ಮೇಲೆ ರೇಗಬೇಡ, ನಾನೇ ಪೀಡಿಸಿ ಕೇಳಿದ್ದು. ನಾನು ಮಾಡಿಕೊಟ್ಟ ಮಾತಿನ ಯಂತ್ರದ ಪರದೆ ಮೇಲೆ ಅಕ್ಷರಗಳು ಒಂದೊಂದಾಗಿ ಬೆಳಗೋ ವೇಗಕ್ಕೆ ಅವರ ರೆಪ್ಪೆ ಸಾಲ್ತಿಲ್ಲವಂತೆ. 'ಕ' ಬೇಕು ಅಂತ ಕಣ್ಣು ಮುಚ್ಚೋದ್ರೊಳಗೆ ದೀಪ 'ಗ'ಗೆ ಹೋಗಿರುತ್ತೆ, ಯಂತ್ರ ಅದನ್ನೇ ಹಿಡ್ಕೊಳ್ಳುತ್ತೆ, ಆಮೇಲೆ ಅಳಿಸೋ ಕೆಲಸ ಬೇರೆ. ಅಂಗಡೀಲಿ ಒಬ್ಬ ಗಿರಾಕಿಯ ಕೂದಲು ಕತ್ತರಿಸಿ ಮುಗಿಸೋದ್ರೊಳಗೆ ಇಡೀ ಬೀದಿಯ ಸುದ್ದಿ ಮುಗಿಸ್ತಿದ್ದ ಮನುಷ್ಯ ಅವರು.

ಪೆನ್‌ಡ್ರೈವ್‌ನಲ್ಲಿ ಒಂದೇ ಒಂದು ಫೈಲ್ ಇದೆ. ಅದು ಒಳಗೆ ಹೋದ್ರೆ ದೀಪ ಅವರ ರೆಪ್ಪೆಗಾಗಿ ಕಾಯುತ್ತೆ. ಆ ಪ್ರೋಗ್ರಾಂನ ಸ್ಮಾಲ್‌ಟಾಕ್ ಅನ್ನೋ ಕಂಪ್ಯೂಟರ್ ಭಾಷೇಲಿ ಯಾಕೆ ಬರೆದೆ ಅಂದ್ರೆ ಇದಕ್ಕೇ. ಬೇರೆ ಪ್ರೋಗ್ರಾಂ ಆದ್ರೆ ನಿಲ್ಲಿಸಿ, ತಿದ್ದಿ, ಮತ್ತೆ ಶುರು ಮಾಡಬೇಕು, ಅಷ್ಟು ಹೊತ್ತು ಭಾವ ಮೂಕರಾಗಿ ಇರಬೇಕು. ಇದು ಹಾಗಲ್ಲ. ಓಡ್ತಿರುವಾಗಲೇ ಅದರೊಳಗೆ ಹೊಸ ಫೈಲ್ ತೆರೆದ್ರೆ ಸಾಕು, ನಿಲ್ಲದೇನೇ ಬದಲಾಗುತ್ತೆ. ಅವರು ಒಂದು ವಾಕ್ಯದ ಮಧ್ಯದಲ್ಲಿ ಇದ್ದರೂ ತೊಂದರೆ ಇಲ್ಲ.

ಕಂಪ್ಯೂಟರ್ ಆರಿಸಬೇಡ. ಡ್ರೈವ್ ಚುಚ್ಚು, ಫೈಲ್ ತೆರೆ, ಅಷ್ಟೇ. ನಡುವೆ ಏನಾದ್ರೂ ಕೇಳಿದ್ರೆ 'ಬೇಡ' ಅಂತ ಒತ್ತು. ಅದು ಸುಮ್ಮನೆ ಏನೇನೋ ಕೇಳ್ತಿರುತ್ತೆ.

ಅವರು ಮಗಳಿಗೆ ಅಂತ ಬರೀತಿರೋದು ಎಲ್ಲಿಗೆ ಬಂತು? ನಿನಗೂ ತೋರಿಸಲ್ಲ ಅಂತ ನರ್ಸಮ್ಮ ನಗ್ತಿದ್ರು. ನಾನು ಒಂದು ಸಲ ಬರಲಾ? ಬೇಡ ಅಂದ್ರೆ ಬೇಡ.

ನಿನ್ನ ತಮ್ಮ


ಫೆಬ್ರವರಿ 14

ಪಂಡಿತರಿಗೆ,

ಒಂದು ಸಾಲಿನ ಕೆಲಸಕ್ಕೆ ಒಂದು ಪುಟ ಪಾಠ. ಚಿಕ್ಕೋನಿದ್ದಾಗಿಂದ ನಿಂದು ಇದೇ ಗೋಳು.

ಬರೋದು ಬೇಡ. ಅವತ್ತು ಹೇಳಿದ್ದೇ ಇವತ್ತೂ. ಗಂಟಲಿಗೆ ಉಸಿರಾಟದ ಕೊಳವೆ ಹಾಕಿಸ್ಕೊಳ್ಳೋದು ಬೇಡ ಅಂತ ಅವರು ಗಟ್ಟಿಯಾಗಿದ್ರು, ನಾನೂ ಎದೆ ಕಲ್ಲು ಮಾಡ್ಕೊಂಡು ಒಪ್ಪಿದ್ದೆ. ನೀನು ಬಂದು ಪಕ್ಕದಲ್ಲಿ ಕೂತು "ದನಿ ಹೋದ್ರೂ ಮಾತು ಹೋಗಲ್ಲ ಭಾವ, ಅದು ನನ್ನ ಜವಾಬ್ದಾರಿ" ಅಂದೆ. ಅದೊಂದು ಮಾತಿಗೆ ಅವರು ಒಪ್ಪಿದ್ದು. ನೀನು ಮಾತು ಕೊಟ್ಟು ಹೋದೆ, ರಾತ್ರಿ ಹಗಲು ಆ ಕೊಳವೆಯ ಕಫ ತೆಗೀತಿರೋಳು ನಾನು. ಸರಿ, ಬಿಡು.

ನಿನ್ನ ಫೈಲ್ ತೆರೆದೆ. ಅಂಗಡಿಗೆ ಬೀಗ ಹಾಕಿ ಮೇಲೆ ಬಂದು, ಡ್ರೈವ್ ಚುಚ್ಚಿದೆ. ಅದರ ಚಿತ್ರ ಬಂತು, ಅದರೊಳಗೆ ಫೈಲಿನ ಚಿತ್ರ. ಎರಡು ಸಲ ಒತ್ತಿದೆ. ಇನ್ನೊಂದು ಕಿಟಕಿ ತೆರ್ಕೊಂಡ್ತು, ಮೊದಲಿನ ಥರದ್ದೇ, ಅದೇ ಅಕ್ಷರ, ಅದೇ ಬಣ್ಣ. ಅದರಲ್ಲಿ ದೀಪ ಮೆಲ್ಲಗೆ ಹೋಗ್ತಿತ್ತು. ಪರವಾಗಿಲ್ವೇ ನನ್ನ ತಮ್ಮ ಅಂದುಕೊಂಡೆ. ಹೌದು, ಅಂದುಕೊಂಡೆ, ಬರೆದಿಟ್ಕೋ.

ಆಮೇಲೆ ಶುರುವಾಯ್ತು ನೋಡು ತಮಾಷೆ. ಅವರು ಒಂದು ಸಲ ರೆಪ್ಪೆ ಹಾಕಿದ್ರೆ ಎರಡೂ ಕಿಟಕಿ ಹಿಡ್ಕೊಳ್ಳೋದು! ಎರಡೂ ಮಾತಾಡೋದು, ಒಂದೇ ರೆಪ್ಪೆಗೆ ಸಿಗಲಿ ಅಂತ ನೀನು ಸಾಲಾಗಿ ಜೋಡಿಸಿಟ್ಟ ಅವರ ಹಳೇ ಮಾತುಗಳನ್ನ! ಒಂದು "ಕಿಟಕಿ ಮುಚ್ಚಿ" ಅನ್ನುತ್ತೆ, ಇನ್ನೊಂದು "ಆ ಬೋಳುತಲೆ ಬಂದಿದ್ನಾ" ಅನ್ನುತ್ತೆ, ಒಂದರ ಮೇಲೊಂದು, ಸವತಿಯರ ಜಗಳದ ಹಾಗೆ. ನರ್ಸಮ್ಮ ಬಿದ್ದು ಬಿದ್ದು ನಕ್ಕರು. ಮಗಳು ಮಂಚದ ಕೆಳಗೆ ಸೇರ್ಕೊಂಡ್ಲು. ಅವರ ಕಣ್ಣಲ್ಲೂ ನಗು ಇತ್ತು, ನನಗೆ ಗೊತ್ತಾಗುತ್ತೆ.

ಎಷ್ಟು ಹೊತ್ತು ಅಂತ ಸಹಿಸೋದು? ಜೋರಾಗಿ ಓಡ್ತಿದ್ದ ಹಳೇ ಕಿಟಕಿ ಇನ್ಯಾಕೆ ಅಂತ ಮುಚ್ಚಿದೆ. ಉಳಿಸಬೇಕಾ ಅಂತ ಕೇಳ್ತು. ನೀನು ಹೇಳಿದ ಹಾಗೇ 'ಬೇಡ' ಒತ್ತಿದೆ. ಮನೆ ತಣ್ಣಗಾಯ್ತು.

ಈಗ ಒಂದೇ ತಾಪತ್ರಯ. 'ಮಗಳಿಗೆ' ಅನ್ನೋ ಹಾಳೆ ಎಲ್ಲಿ? ಮೇಲಿನ ಸಾಲಿನಲ್ಲಿ ಇರ್ತಿತ್ತು, ಈಗ ಕಾಣ್ತಿಲ್ಲ. ಅವರು ನಿನ್ನೆಯಿಂದ "ಎಲ್ಲಿ" ಅಂತ ಕೇಳ್ತಾನೇ ಇದಾರೆ. ಎಲ್ಲಿ ಸೇರಿಸಿಟ್ಟಿದೀಯೋ ಬೇಗ ತಿಳಿಸು. ಅವರು ಕೆಲಸ ಶುರು ಮಾಡ್ಬೇಕಂತೆ, ನಿನ್ನ ಹೊಸ ದೀಪದಲ್ಲಿ.

ಅಕ್ಕ


ಫೆಬ್ರವರಿ 17

ಅಕ್ಕಾ,

ಫೋನ್ ಎತ್ತು. ಬೆಳಿಗ್ಗೆಯಿಂದ ಮಾಡ್ತಿದೀನಿ. ನರ್ಸಮ್ಮನೂ ಎತ್ತುತ್ತಿಲ್ಲ. ನೀನು ಎತ್ತದೇ ಇದ್ರೆ ಅನ್ನೋ ಭಯಕ್ಕೆ ಈ ಕಾಗದಾನೂ ಹಾಕ್ತಿದೀನಿ.

ಏನನ್ನೂ ಮುಟ್ಟಬೇಡ. ಈಗ ತೆರೆದಿರೋ ಕಿಟಕಿಯನ್ನ ಮುಚ್ಚಬೇಡ. ಆ ಕಂಪ್ಯೂಟರಿನ ಒಳಗಿರೋದನ್ನೆಲ್ಲ ದೊಡ್ಡದೊಂದು ಡ್ರೈವಿಗೆ ನಕಲು ಮಾಡಿ ಕಳಿಸು. ಎದುರಿನ ಔಷಧಿ ಅಂಗಡಿಯವರಿಗೆ ಬರುತ್ತೆ, ಅವರನ್ನ ಕೇಳು. ಇವತ್ತೇ ಕಳಿಸು.

ಫೈಲನ್ನ ಹೊರಗಿನಿಂದ ಒತ್ತಿದ್ರೆ ಓಡ್ತಿರೋದ್ರೊಳಗೆ ಅದು ಹೋಗಲ್ಲ ಅಕ್ಕ. ಡಿಸ್ಕಿನಲ್ಲಿ ಉಳಿದಿದ್ದ ಅದರ ಹಳೇ ನಕಲೊಂದು ಎದ್ದು ಕೂತು, ಅದರೊಳಗೆ ಹೋಗುತ್ತೆ. ಓಡ್ತಿದ್ದ ಕಿಟಕಿಯ ಒಳಗೇ ಖಾಲಿ ಜಾಗದಲ್ಲಿ ಒತ್ತಿ, ಅಲ್ಲಿಂದ ಫೈಲ್ ತೆರೀಬೇಕಿತ್ತು. 'ಒಳಗಿಂದ' ಅಂತ ನಾನು ಬರೀಲಿಲ್ಲ. ನನಗೆ ಅದು ಎಷ್ಟು ಅಭ್ಯಾಸ ಅಂದ್ರೆ, ಬೇರೆ ಥರ ತೆರೀಬಹುದು ಅನ್ನೋದೇ ತಲೆಗೆ ಬರಲಿಲ್ಲ.

ಭಾವನಿಗೆ ಇನ್ನೂ ಏನೂ ಹೇಳಬೇಡ. ಹುಡುಕ್ತಿದಾನೆ ಅನ್ನು.

ತಮ್ಮ


ಫೆಬ್ರವರಿ 21

ಡ್ರೈವ್ ಕಳಿಸಿದೀನಿ. ಔಷಧಿ ಅಂಗಡಿಯವನೇ ಬಂದು ಮಾಡಿಕೊಟ್ಟ. ನಿನ್ನ ಕಾಗದ ಓದಿದ ಮೇಲೆ ಕೆಳಗೆ ಒಬ್ಬನ ಕಿವಿ ಹತ್ರ ಕತ್ತರಿ ತಾಗಿಸಿಬಿಟ್ಟೆ.

ಅವರಿಗೆ ಹುಡುಕ್ತಿದಾನೆ ಅಂದೆ. "ಪಂಡಿತ ಇದಾನಲ್ಲ" ಅಂದ್ರು. ಅಷ್ಟು ಹೇಳೋಕೆ ಅವರಿಗೆ ನನ್ನ ಎರಡು ಗಿರಾಕಿಗಳು ಮುಗಿಯೋ ಹೊತ್ತು ಹಿಡೀತು.

ಹುಡುಕು ಕಣೋ. ನಿನ್ನ ಕಾಲಿಗೆ ಬೀಳ್ತೀನಿ.

ಅಕ್ಕ


ಮಾರ್ಚ್ 9

ಅಕ್ಕಾ,

ಈ ಕಾಗದಾನ ನೀನು ಒಬ್ಬಳೇ ಇದ್ದಾಗ ಓದು.

ಇಲ್ಲ. ಸಿಗಲಿಲ್ಲ. ಸಿಗೋದೂ ಇಲ್ಲ.

ಸುತ್ತಿಬಳಸಿ ಹೇಳಿದ್ರೆ ನಿನಗೆ ಕೋಪ ಬರುತ್ತೆ, ಅದಕ್ಕೇ ಮೊದಲೇ ಹೇಳಿದೆ. ಭಾವ ಬರೆದದ್ದೆಲ್ಲ ಓಡ್ತಿದ್ದ ಆ ಕಿಟಕಿಯೊಳಗೇ ಇತ್ತು, ಬೇರೆ ಎಲ್ಲೂ ಇರಲಿಲ್ಲ. ಇಡೀ ಪ್ರಪಂಚ ಹಾಗೇ ಎಚ್ಚರವಾಗಿರುತ್ತೆ ಅದರಲ್ಲಿ, 'ಉಳಿಸು' ಅಂದಾಗ ಮಾತ್ರ ಡಿಸ್ಕಿಗೆ ಇಳಿಯುತ್ತೆ. ಕೊನೇ ಸಲ ಉಳಿಸಿದ್ದು ನಾನು, ನಿಮ್ಮ ಮನೆಯಿಂದ ಹೊರಟ ದಿನ ಮಧ್ಯಾಹ್ನ. ಉಳಿಸೋದು ಹೇಗೆ ಅಂತ ನಿನಗೆ ತೋರಿಸೋದು ಸಂಜೆಗೆ ಇಟ್ಕೊಂಡಿದ್ದೆ. ಸಂಜೆ ಜಗಳ ಆಗಿ, ಇನ್ನು ಈ ಮನೆಗೆ ಬರಬೇಡ ಅಂದೆಯಲ್ಲ. ಇದನ್ನ ಚುಚ್ಚೋಕೆ ಹೇಳ್ತಿಲ್ಲ, ಸತ್ಯವಾಗ್ಲೂ. ಇದ್ದದ್ದು ಇದ್ದ ಹಾಗೆ ಹೇಳ್ತಿದೀನಿ. ಆಮೇಲೆ ಕಾಗದದಲ್ಲಾದ್ರೂ ಬರೀಬಹುದಿತ್ತು. ನೀನು ನನ್ನ ಕಾಗದ ಓದ್ತೀಯ ಅನ್ನೋ ನಂಬಿಕೆ ಇರಲಿಲ್ಲ.

ಒಂದು ಆಸೆ ಇತ್ತು. ಸ್ಮಾಲ್‌ಟಾಕ್ ತಾನು ನೋಡಿದ ಪ್ರತಿ ತಿದ್ದುಪಡಿಯನ್ನೂ ಪಕ್ಕದಲ್ಲಿ ಒಂದು ದಾಖಲೆಗೆ ಬರ್ಕೊಳ್ಳುತ್ತೆ. ಅದನ್ನ ಸಾಲು ಸಾಲಾಗಿ ಜಾಲಾಡಿದೆ. ಅದರಲ್ಲಿ ನಾನು ಬರೆದ ಪ್ರೋಗ್ರಾಂ ಇದೆ, ಅದೂ ಎರಡು ಕಿಟಕಿ ಒಟ್ಟಿಗೆ ಬರೆದು ಕಲಸುಮೇಲೋಗರ ಆಗಿದೆ. ಅವರ ಮಾತು ಒಂದೂ ಇಲ್ಲ. ನನ್ನ ಕೈಬರಹವೆಲ್ಲ ಭದ್ರ, ಅವರದ್ದು ಮಾತ್ರ ಇಲ್ಲ. ಅದನ್ನ ಮಾಡಿದೋನು ನಾನೇ ಅಲ್ವಾ, ಅವರ ಮಾತನ್ನೂ ಬರ್ಕೋ ಅಂತ ಒಂದೇ ಒಂದು ಸಾಲು ಸೇರಿಸಿದ್ರೆ ಸಾಕಿತ್ತು.

ಉಳಿದಿರೋದು ನಾನಿದ್ದಾಗ ಅವರು ಹೇಳಿದ್ದು. "ದಿಂಬು ಸರಿಸಿ." "ಸೊಳ್ಳೆ." "ಆ ಬೋಳುತಲೆ ಬಂದಿದ್ನಾ, ಇಲ್ಲದ ಕೂದಲಿಗೆ ದುಡ್ಡು ಕೊಟ್ನಾ." ಅಂಥದ್ದು ತುಂಬಾ ಇವೆ. ಓದ್ತಾ ನಕ್ಕೆ, ಆಮೇಲೆ ಆಫೀಸಿನ ಬಚ್ಚಲಿಗೆ ಹೋಗಿ ಅತ್ತೆ.

ನೀನು ಓದಿದ್ದೀಯಾ ಆ ಹಾಳೆನ? ಒಂದು ಸಲವಾದ್ರೂ? ಸ್ವಲ್ಪ ನೆನಪಿದ್ರೂ ಸಾಕು, ಅವರು ಅಲ್ಲಿಂದ ಮತ್ತೆ ಎತ್ಕೋಬಹುದು.

ತಮ್ಮ


ಏಪ್ರಿಲ್ 6

ಕಾಗದ ಬಂದು ಎಷ್ಟೋ ದಿನ ಆಯ್ತು. ಬರೀಬಾರದು ಅಂತಿದ್ದೆ. ನಿನ್ನನ್ನ ಬೈಯೋಕೂ ಬಾಯಿ ಬರ್ತಿಲ್ಲ, ಅದಕ್ಕೆ ಬರೀತಿದೀನಿ.

ಓದಿಲ್ಲ. ಅವರು "ನೋಡಬೇಡ" ಅಂದ್ರು, ನಾನು ನೋಡಲಿಲ್ಲ. ಪರದೆ ಒರೆಸುವಾಗ ಕೂಡ ಕಣ್ಣು ಬೇರೆ ಕಡೆ ತಿರುಗಿಸ್ಕೊಂಡು ಒರೆಸಿದೀನಿ. ಮೈ ಒರೆಸ್ತೀನಿ, ಮಲ ತೆಗೀತೀನಿ, ಅವರದ್ದು ಅಂತ ಮುಚ್ಚಿಟ್ಕೊಳ್ಳೋಕೆ ಅದೊಂದೇ ಉಳಿದಿತ್ತಲ್ಲ, ಅದಾದ್ರೂ ಇರಲಿ ಅಂತ. ದೊಡ್ಡ ಮರ್ಯಾದಸ್ತೆ ನಾನು! ಒಂದು ದಿನ, ಒಂದೇ ಒಂದು ದಿನ ಕದ್ದು ನೋಡಿದ್ರೆ ನಾಲ್ಕು ಸಾಲಾದ್ರೂ ತಲೇಲಿ ಇರ್ತಿತ್ತು. ಬೇರೆ ಹೆಂಗಸರು ಗಂಡನ ಜೇಬೆಲ್ಲ ತಡಕ್ತಾರೆ. ನನಗೇನು ಬಂದಿತ್ತು ರೋಗ.

ಹೇಳಿದೆ ಅವರಿಗೆ. ನಾನೇ ಹೇಳಿದೆ, ನರ್ಸಮ್ಮನ್ನ ಕಳಿಸಿಬಿಟ್ಟು. ಮುಖ ನೋಡ್ಕೊಂಡೇ ಹೇಳಿದೆ. "ರೀ, ಹೋಯ್ತು. ನನ್ನ ಕೈಯಿಂದಲೇ ಹೋಯ್ತು."

ಕಣ್ಣು ಮುಚ್ಚಿದ್ರು. ಬೇರೆ ಯಾರಾದ್ರೂ ಆಗಿದ್ರೆ ಮುಖ ತಿರುಗಿಸ್ಕೋತಿದ್ರು, ಎದ್ದು ಹೋಗ್ತಿದ್ರು, ಕೈಗೆ ಸಿಕ್ಕಿದ್ದು ಎಸೀತಿದ್ರು. ಅವರಿಗೆ ಇರೋದು ಅದೊಂದೇ, ಕಣ್ಣು ಮುಚ್ಚೋದು. ಮುಚ್ಚಿದ ತಕ್ಷಣ ಯಂತ್ರ "ದಿಂಬು ಸರಿಸಿ" ಅಂತು. ನಾನು ಎದ್ದು ದಿಂಬು ಸರಿಸಿದೆ. ಮತ್ತೆ "ದಿಂಬು ಸರಿಸಿ". ಮತ್ತೆ ಸರಿಸಿದೆ. ಯಾಕ್ರೀ, ಎಲ್ಲಿ ಒತ್ತುತ್ತಿದೆ, ಹೀಗಾ, ಹಾಗಾ ಅಂತ ಕೇಳ್ತಾ ಕೇಳ್ತಾ ಸರಿಸ್ತಾನೇ ಇದೀನಿ. ಆಮೇಲೆ ಹೊಳೀತು ನನ್ನ ಮಂದ ತಲೆಗೆ. ಅವರು ಅಳ್ತಿದ್ರು ಕಣೋ. ಅಳೋಕೆ ಕಣ್ಣು ಮುಚ್ಚಿದ್ರೆ ನಿನ್ನ ಯಂತ್ರ ಅದನ್ನ ಮಾತು ಅಂದ್ಕೊಂಡು ಹಿಡ್ಕೊಳ್ತಿತ್ತು. ಅವರನ್ನ ನೆಮ್ಮದಿಯಾಗಿ ಅಳೋಕೂ ಬಿಡಲಿಲ್ಲ ನಾವು. ಹೋಗಿ ಅದರ ದನಿ ತಿರುಗಿಸಿ ಸುಮ್ಮನಿರಿಸಿದೆ. ಮಗಳು ಶಾಲೆಯಿಂದ ಬರೋವರೆಗೂ ಇಬ್ಬರೂ ಹಾಗೇ ಇದ್ವಿ.

ಮಾರನೇ ದಿನ ಬೆಳಿಗ್ಗೆ ಕಣ್ಣಲ್ಲೇ ಪರದೆ ತೋರಿಸಿದ್ರು. ಮತ್ತೆ ಶುರು ಮಾಡ್ತಾರಂತೆ. ಮೊದಲನೇ ಸಲ ಬರೆದದ್ದು ಉದ್ದ ಆಗಿತ್ತಂತೆ, ಗಿರಾಕಿ ಎದ್ದು ಹೋಗುವಷ್ಟು ಕೊರೆದಿದ್ರಂತೆ. ಅವರು ತಮಾಷೆ ಮಾಡಿದ್ರು ಅಂತ ನಾನು ನಕ್ಕೆ.

ಈ ಸಲ ದಿನಾ ನಾನೇ ಉಳಿಸ್ತೀನಿ. ಬೆಳಿಗ್ಗೆ ಒಂದು ಸಲ, ಅಂಗಡಿ ಮುಚ್ಚಿದ ಮೇಲೆ ಒಂದು ಸಲ. ಕಿಟಕಿಯ ಒಳಗಿಂದ, ಖಾಲಿ ಜಾಗದಲ್ಲಿ ಒತ್ತಿ. ಕಲಿತೆ ನೋಡು.

ಆದ್ರೆ ರೆಪ್ಪೆ ಸೋಲ್ತಿದೆ. ನಿನ್ನ ದೀಪ ಎಷ್ಟು ಕಾದ್ರೂ ಸಾಲ್ತಿಲ್ಲ. ಡಾಕ್ಟರು ಭುಜ ಕುಣಿಸಿ ಹೋದ್ರು.

ಅಕ್ಕ


ಮೇ 11

ಅಕ್ಕಾ,

ನರ್ಸಮ್ಮ ಹೇಳಿದ್ರು. ಈಗ ರೆಪ್ಪೆ ಅಲುಗೋದೇ ಇಲ್ಲವಂತೆ, ನೀವೇ ಕಣ್ಣಿಗೆ ಔಷಧಿ ಹಾಕಿ, ಮಲಗೋ ಹೊತ್ತಿಗೆ ಬೆರಳಿಂದ ಮುಚ್ಚುತ್ತೀರಂತೆ. ಕೇಳಿದ ಮೇಲೆ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಬಂದರಿನ ಗೋದಾಮಿನಲ್ಲಿ ಯಾವ ಪೆಟ್ಟಿಗೆ ಎಲ್ಲಿದೆ ಅಂತ ಲೆಕ್ಕ ಇಡೋ ಕೆಲಸ ನಂದು. ಒಂದು ಪೆಟ್ಟಿಗೆ ಕೂಡ ಕಳೆದಿಲ್ಲ ಇಲ್ಲಿವರೆಗೆ.

ಹೊಸ ಹಾಳೇಲಿ ಅವರು "ಮಗಳೇ, ನೀನು" ಅನ್ನೋವರೆಗೆ ಬರೆದಿದ್ದಾರೆ ಅಂತ ಕೇಳಿದೆ. ಅಲ್ಲಿಗೇ ನಿಂತಿದೆ.

ಒಂದು ಮಾತು ಹೇಳ್ತೀನಿ, ಪೂರ್ತಿ ಓದು, ಹರಿದು ಹಾಕಬೇಡ. ಅವರ ಹಳೇ ಮಾತುಗಳು ನನ್ನ ಹತ್ರ ಇವೆ, ಸಾವಿರಗಟ್ಟಲೆ. ಯಾವ ಪದದ ಹಿಂದೆ ಯಾವ ಪದ ಹಾಕ್ತಾರೆ, ಎಲ್ಲಿ ಕಾಲೆಳೀತಾರೆ, ಎಲ್ಲಿ ತಟ್ಟನೆ ನಿಲ್ಲಿಸ್ತಾರೆ, ಎಲ್ಲ ಇದೆ. "ಮಗಳೇ, ನೀನು" ಅನ್ನೋದ್ರಿಂದ ಮುಂದೆ, ಅವರ ಧಾಟೀಲೇ ಪೂರೈಸೋ ಹಾಗೆ ಒಂದು ಫೈಲ್ ಬರೀಬಲ್ಲೆ. ನೀನು ಓಡ್ತಿರೋದ್ರೊಳಗೆ ತೆರೆದ್ರೆ ಆಯ್ತು. ಅವರು ಕೇಳಿಸ್ಕೊಳ್ಳಲಿ. ಮಗು ದೊಡ್ಡವಳಾದ ಮೇಲೆ ಏನಾದ್ರೂ ಒಂದು ಅವಳ ಕೈಲಿ ಇರುತ್ತೆ. ಅವರ ಪದಗಳೇ ಅಲ್ವಾ ಅಕ್ಕ, ನಂದು ಒಂದೂ ಹಾಕಲ್ಲ.

ನಾನು ಅವರಿಗೆ ಮಾತು ಕೊಟ್ಟಿದ್ದೆ. ಇನ್ನೇನು ಮಾಡಬೇಕೋ ನನಗೆ ತಿಳೀತಿಲ್ಲ.

ತಮ್ಮ


ಜೂನ್ 2

ತಮ್ಮಾ,

ಬೇಡ. ಆ ಫೈಲ್ ಬರೀಬೇಡ. ಬರೆದಿದ್ರೆ ಹಾಳು ಮಾಡು.

ದಿಂಬು ಸರಿಸಿ, ಸೊಳ್ಳೆ, ಬೋಳುತಲೆ, ಇಷ್ಟರಲ್ಲಿ ಒಬ್ಬ ಅಪ್ಪ ಮಗಳಿಗೆ ಹೇಳೋದನ್ನ ಕಟ್ಟುತ್ತೀಯಾ? ಪದ ಅವರದ್ದೇ ಇರಬಹುದು, ಹೇಳಬೇಕು ಅಂತಿದ್ದದ್ದು ಅವರದ್ದಲ್ಲವಲ್ಲ. ಅವರನ್ನ ಅಲ್ಲಿ ಮಲಗಿಸಿಟ್ಟು, ಕಿವಿ ನೆಟ್ಟಗೆ ಕೇಳ್ತಿರುವಾಗ, ಅವರ ಬಾಯಿಗೆ ನಿನ್ನ ಲೆಕ್ಕಾಚಾರ ತುರುಕ್ತೀಯಾ? ತಪ್ಪು ಅಂತ ಹೇಳೋಕೂ ಅವರಿಗೆ ಆಗಲ್ಲ. ನಿನಗೆ ನೋವಿದೆ, ಗೊತ್ತು. ನಿನ್ನ ನೋವಿಗೆ ಅವರನ್ನ ಬೊಂಬೆ ಮಾಡಬೇಡ.

ಡಾಕ್ಟರು ಹೇಳ್ತಾರೆ, ಒಳಗೆ ಎಲ್ಲ ಗೊತ್ತಾಗುತ್ತೆ ಅಂತ. ಕೇಳಿಸುತ್ತೆ, ಅರ್ಥ ಆಗುತ್ತೆ, ಹೇಳೋಕೆ ದಾರಿ ಇಲ್ಲ ಅಷ್ಟೇ. ಎಷ್ಟು ದಿನ ಅಂದ್ರೆ ಅದಕ್ಕೂ ಭುಜ ಕುಣಿಸ್ತಾರೆ. ಕೊಳವೆ ಬೇಡ ಅಂದಿದ್ರಲ್ಲ ಅವರು, ಇದಕ್ಕೇ ಹೆದರಿದ್ದು. ನನ್ನ ಹತ್ರ ಹೇಳಿದ್ರು ಆಗ, "ಒಳಗೆ ಕೂಡಿಹಾಕಬೇಡ ಕಣೇ" ಅಂತ. ನಾನೇ ಕೂಡಿಹಾಕಿ ನಾನೇ ಬಾಗಿಲು ಕಾಯ್ತಿದೀನಿ. ಬೆಳಿಗ್ಗೆ ಕೆಳಗೆ ಹೋಗಿ ತಲೆ ಕತ್ತರಿಸ್ತೀನಿ, ಗಿರಾಕಿಗಳು ಹೇಗಿದ್ದಾರೆ ಅಂತ ಕೇಳ್ತಾರೆ, ಇದ್ದಾರೆ ಅಂತೀನಿ.

ನಿನಗೆ ಇನ್ನೊಂದು ಹೇಳಬೇಕು. ಅದಕ್ಕೇ ಕೂತಿದ್ದು ಬರೆಯೋಕೆ.

ಹೋದ ವಾರ ಮಗಳು ಪರದೆ ಮುಂದೆ ನಿಂತು ಗಟ್ಟಿಯಾಗಿ ಓದಿದ್ಲು. ಈಗ ಚೆನ್ನಾಗಿ ಓದ್ತಾಳೆ, ಬೀದಿಯಲ್ಲಿ ಒಂದು ಬೋರ್ಡ್ ಬಿಡಲ್ಲ. "ಮಗಳೇ, ನೀನು." ಓದಿ ನನ್ನ ಕಡೆ ತಿರುಗಿ, "ನಾನು? ನಾನು ಏನಮ್ಮಾ?" ಅಂದ್ಲು. ಅವರ ಮಂಚದ ಪಕ್ಕದಲ್ಲೇ. ಕಣ್ಣು ತೆರೆದೇ ಇತ್ತು ಅವರದ್ದು.

ಏನು ಹೇಳ್ಲಿ? ಅಪ್ಪನಿಗೆ ಅಷ್ಟೇ ಆಗಿದ್ದು, ಮಿಕ್ಕಿದ್ದನ್ನ ನಿನ್ನ ಅಮ್ಮನೂ ಮಾವನೂ ಸೇರಿ ಕಳೆದ್ರು ಅಂತ ಹೇಳ್ಲಾ? "ಮುಂದಿನದು ಒಳಗಿದೆ ಪುಟ್ಟಾ, ಅಪ್ಪ ಪೂರ್ತಿ ಬರೆದಿಟ್ಟಿದ್ದಾರೆ, ನೀನು ದೊಡ್ಡೋಳಾದ ಮೇಲೆ ಓದಬೇಕಂತೆ" ಅಂದುಬಿಟ್ಟೆ. ಬಾಯಿಂದ ಬಂದೇಬಿಡ್ತು. ಅವಳಿಗೆ ಎಂಥ ಖುಷಿ ಅಂತೀಯ! ಅಪ್ಪನ ಕೆನ್ನೆಗೆ ಕೆನ್ನೆ ಒತ್ತಿ, "ಉದ್ದ ಬರೆದಿದೀಯಾ ಅಪ್ಪಾ?" ಅಂತ ಕೇಳಿದ್ಲು. ಕೊಳವೆಯ ಗಾಳಿ ಹೋಗಿ ಬರೋ ಸದ್ದು ಬಿಟ್ರೆ ಏನೂ ಇಲ್ಲ. ಅವಳು ಅದನ್ನೇ ಹೂಂ ಅಂತ ತಗೊಂಡ್ಲು.

ಆಮೇಲೆ ನೋಡಿದ್ರೆ ಅವರ ಕಣ್ಣಿಂದ ನೀರು ಇಳೀತಿತ್ತು. ನಾನು ಸುಳ್ಳು ಹೇಳಿದ್ದಕ್ಕೆ ಸಿಟ್ಟೋ, ಹೇಳಿದ್ದು ಒಳ್ಳೇದಾಯ್ತು ಅಂತಲೋ, ಅಥವಾ ಬೆಳಿಗ್ಗೆ ನರ್ಸಮ್ಮ ಹಾಕಿದ ಔಷಧಿಯ ಹನಿಯೋ. ಇಷ್ಟು ವರ್ಷ ಸಂಸಾರ ಮಾಡಿದೋಳಿಗೆ ಗೊತ್ತಾಗಲಿಲ್ಲ. ಒರೆಸಿದೆ.

ಈಗ ದಿನಾ ಶಾಲೆಗೆ ಹೋಗುವಾಗ ಕೇಳ್ತಾಳೆ, ಎಷ್ಟು ದೊಡ್ಡೋಳಾದ ಮೇಲೆ ಅಂತ. ಗೋಡೆಗೆ ಬೆನ್ನು ಕೊಟ್ಟು ನಿಂತು ಎತ್ತರ ಅಳೀತಾಳೆ. ಅವರು ಕೇಳಿಸ್ಕೊಳ್ತಾ ಇರ್ತಾರೆ.

ನೀನು ಬಾ. ಬರಬೇಡ ಅಂತ ನಾನು ಹೇಳಿದ್ದನ್ನ ಬಿಡು. ನಿನ್ನನ್ನ ಕ್ಷಮಿಸಿದೀನಿ ಅಂತ ಅಲ್ಲ, ನನ್ನನ್ನೇ ಕ್ಷಮಿಸೋಕೆ ಆಗಿಲ್ಲ, ನಿನ್ನದು ಆಮೇಲೆ. ಒಬ್ಬಳೇ ಅವರನ್ನ ಮಗ್ಗುಲು ತಿರುಗಿಸೋಕೆ ಆಗ್ತಿಲ್ಲ, ಸೊಂಟ ಬಿದ್ದುಹೋಗಿದೆ. ಮಾತಾಡೋಕೂ ಯಾರೂ ಇಲ್ಲ. ಏನೂ ತರಬೇಡ, ಬರಿಗೈಲಿ ಬಾ.

ಒಂದು ಮಾತ್ರ ತಯಾರಾಗಿ ಬಾ. ಯಂತ್ರ ಮಾಡಿದೋನು ಮಾವ ಅಂತ ಅವಳಿಗೆ ಗೊತ್ತು. ನೀನು ಚಪ್ಪಲಿ ಬಿಡೋದ್ರೊಳಗೆ ಕೈ ಹಿಡ್ಕೊಂಡು ಅವರ ಮಂಚದ ಹತ್ರ ಎಳ್ಕೊಂಡು ಹೋಗಿ, ಅಪ್ಪ ಬರೆದದ್ದು ನಿಜವಾಗ್ಲೂ ಒಳಗಿದೆಯಾ ಮಾಮಾ ಅಂತ ಕೇಳ್ತಾಳೆ. ಅವರ ಮುಖ ನೋಡ್ಕೊಂಡು, ಇದೆ ಅನ್ನು.

ಅಕ್ಕ